ಬಾಲೂ ಬೌಲ್ ಮಾಡಿದ ಬೇಸಿಗೆ

ಪ್ರಿಯ ಮಾಸ್ತರರಿಗೆ,



ನಿಮ್ಮ ಪತ್ರ ತಲುಪಿತು. ಊರಿನ ಮಳೆ, ಮನೆಯವರ ಯೋಗಕ್ಷೇಮ, ಹಳೆಯ ಶಿಷ್ಯರ ಸುದ್ದಿ ಎಲ್ಲ ಬರೆದು, ಕೊನೆಯಲ್ಲಿ ಗೆರೆ ಎಳೆದು ಒಂದು ಪ್ರಶ್ನೆ ಕೇಳಿದ್ದೀರಿ. ಇಂಗ್ಲೆಂಡಿಗೆ ಹೋಗಿ ಒಂದೇ ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಬೌಲರೊಬ್ಬರು ಧಾರವಾಡದಲ್ಲಿ ಹುಟ್ಟಿದವರಂತೆ, ಅದೂ ಸಿ.ಕೆ. ನಾಯುಡು ಅವರ ತಂಡ ಹೋಗುವುದಕ್ಕೆ ಇಪ್ಪತ್ತೊಂದು ವರ್ಷ ಮೊದಲಂತೆ, ನಿಜವೇ ಎಂದು.

ನಿಜ. ಅವರ ಹೆಸರು ಪಾಲ್ವಂಕರ್ ಬಾಲೂ. ವರ್ಷ 1911. ವಿಕೆಟ್‌ಗಳು 114, ಸರಾಸರಿ 18.84. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಇಲ್ಲಿಗೆ ನಿಲ್ಲಿಸಲು ನನಗೆ ಮನಸ್ಸು ಬರುತ್ತಿಲ್ಲ. ಆ ಪ್ರವಾಸದ ಬಗ್ಗೆ ಓದಿದಷ್ಟೂ ಇನ್ನೊಬ್ಬರಿಗೆ ಹೇಳಬೇಕು ಅನಿಸುತ್ತದೆ. ನೀವು ಕೇಳಿದ್ದು ಒಳ್ಳೆಯದೇ ಆಯಿತು. ಬಿಡುವಾಗಿ ಕೂತು ಓದಿ.

‘ಆಲ್ ಇಂಡಿಯಾ’ ಎಂಬ ಹೆಸರಿಟ್ಟುಕೊಂಡು ಹೋದ ಆ ತಂಡ ಜೂನ್‌ನಿಂದ ಆಗಸ್ಟ್‌ವರೆಗೆ 23 ಪಂದ್ಯ ಆಡಿತು. ಆರು ಗೆದ್ದಿತು, ಹದಿನೈದು ಸೋತಿತು, ಎರಡು ಡ್ರಾ ಆದವು. ಅದರಲ್ಲಿ ಪ್ರಥಮ ದರ್ಜೆಯವು ಹದಿನಾಲ್ಕು, ಗೆದ್ದದ್ದು ಎರಡೇ. ನಮ್ಮ ಟೆಸ್ಟ್ ಲೆಕ್ಕ ಶುರುವಾಗುವುದು ನಾಯುಡು ಅವರ ತಂಡ ಆಡಿದ 1932ರ ಲಾರ್ಡ್ಸ್‌ನಿಂದ. ಹಾಗಾಗಿ ಈ ಸೋತ ತಂಡ ಪುಸ್ತಕಗಳ ಮುನ್ನುಡಿಯಲ್ಲಿ ಒಂದು ಸಾಲಾಗಿ ಉಳಿದುಹೋಗಿದೆ. ನನಗೆ ಆ ಒಂದು ಸಾಲು ಸಾಲದು. ಭಾರತ ಎಂಬ ಸ್ವತಂತ್ರ ದೇಶ ಇಲ್ಲದಿದ್ದಾಗ ಭಾರತದ ಹೆಸರಿನಲ್ಲಿ ಆಡಲು ಹೋದವರು ಅವರು. ಆ ಹೆಸರನ್ನು ಹೊತ್ತವರಲ್ಲಿ ಹತ್ತೊಂಬತ್ತು ವರ್ಷದ ಮಹಾರಾಜರಿದ್ದರು, ತಿಂಗಳಿಗೆ ನಾಲ್ಕು ರೂಪಾಯಿಗೆ ಪಿಚ್ಚಿನ ಮೇಲೆ ರೋಲರ್ ಎಳೆದವರೂ ಇದ್ದರು.

ಬಾಲೂ ಹುಟ್ಟಿದ್ದು 1870ರ ದಶಕದ ನಡುಭಾಗದಲ್ಲಿ. ಮನೆತನದ ಮೂಲ ಕೊಂಕಣದ ಕಡೆಯ ಪಾಲ್ವಣ. ಅಡ್ಡಹೆಸರು ಅಲ್ಲಿಂದ ಬಂದದ್ದು. ಚಮ್ಮಾರ ಸಮುದಾಯ. ತಂದೆಗೆ ಸೇನೆಯಲ್ಲಿ ನೌಕರಿ. ಮಗ ಹುಟ್ಟಿದ್ದು ನಿಮ್ಮ ಧಾರವಾಡದಲ್ಲಿ, ಬೆಳೆದದ್ದು ಪುಣೆಯಲ್ಲಿ. ಎರಡೂ ಆಗ ಮುಂಬಯಿ ಪ್ರಾಂತ್ಯದ ಊರುಗಳು. ಅವರನ್ನು ಕನ್ನಡಿಗರೆಂದು ನಮ್ಮ ಪಟ್ಟಿಗೆ ಸೇರಿಸಿಕೊಳ್ಳುವುದು ನನಗೆ ಸರಿ ಅನಿಸದು. ಮನೆಯ ಮಾತು ಬೇರೆ, ಬದುಕಿದ ಊರು ಬೇರೆ. ಆದರೆ ಹುಟ್ಟಿದ ನೆಲ ನಿಮ್ಮದು. ಧಾರವಾಡದವರು ಅಷ್ಟನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಪುಣೆಯಲ್ಲಿ ಹುಡುಗ ಬಾಲೂ ಮೊದಲು ಕೆಲಸಕ್ಕೆ ನಿಂತದ್ದು ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸಬೇಕು, ರೋಲರ್ ಎಳೆಯಬೇಕು, ಸದಸ್ಯರು ಕೇಳಿದಾಗ ನಾಲ್ಕು ಚೆಂಡು ಹಾಕಬೇಕು. ಸಂಬಳ ಮೂರು ರೂಪಾಯಿ. ಆಮೇಲೆ ಯುರೋಪಿಯನ್ನರ ಕ್ಲಬ್ಬು, ಒಂದು ರೂಪಾಯಿ ಬಡ್ತಿ. ಅಲ್ಲಿ ನೆಟ್ ಕಟ್ಟುವುದು, ಪಿಚ್ಚಿಗೆ ಗೆರೆ ಹಾಕುವುದು, ಬೇಕಾದಾಗ ಟೆನಿಸ್ ಕೋರ್ಟಿಗೂ ಗೆರೆ ಹಾಕುವುದು. ಜೆ.ಜಿ. ಗ್ರೆಗ್ ಎಂಬ ಸೇನಾಧಿಕಾರಿ ಆಗ ಆ ಭಾಗದ ಅತ್ಯುತ್ತಮ ಬ್ಯಾಟ್ಸ್‌ಮನ್. ಆತ ಬೇರೆಯವರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಲೂ ಕೈಯಲ್ಲಿ ಬೌಲಿಂಗ್ ಮಾಡಿಸಿಕೊಳ್ಳುತ್ತಿದ್ದ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದ ಎಂಬ ಕಥೆಯೂ ಇದೆ. ಎಂಟಾಣೆಯ ಮಾತು ಕಥೆಯಾಗಿಯೇ ಇರಲಿ. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಮಾತು. ಅಷ್ಟು ಕಾಲ ನೆಟ್ಸ್‌ನಲ್ಲಿ ಸಾಹೇಬರಿಗೆ ಬೌಲ್ ಮಾಡಿದರೂ ಬ್ಯಾಟ್ ಮಾಡಲು ಒಮ್ಮೆಯೂ ಅವಕಾಶ ಸಿಗಲಿಲ್ಲವೆಂದು ಬಾಲೂ ತಮ್ಮ ಮಗನಿಗೆ ಹೇಳಿದ್ದರಂತೆ. ಬೌಲಿಂಗ್ ಆಗಿನ ಕಾಲಕ್ಕೆ ಕೂಲಿಯ ಕೆಲಸ, ಬ್ಯಾಟಿಂಗ್ ದೊರೆಗಳದು.

ಪುಣೆಯ ಹಿಂದೂಗಳಿಗೆ ಯುರೋಪಿಯನ್ನರನ್ನು ಸೋಲಿಸುವ ಆಸೆ. ಅವರನ್ನು ಸೋಲಿಸಬಲ್ಲ ಬೌಲರ್ ಊರಲ್ಲೇ ಇದ್ದಾನೆ, ಆದರೆ ಜಾತಿ ಅಡ್ಡ ಬಂತು. ಚರ್ಚೆಯಾಗಿ ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟುವ ಅದೇ ಚೆಂಡನ್ನು ಬಾಲೂ ಮುಟ್ಟಬಹುದಿತ್ತು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಬಿಸಾಡುವ ಮಣ್ಣಿನ ಲೋಟದಲ್ಲಿ ಚಹಾ ಕೊಡುತ್ತಿದ್ದರು. ರಾಮಚಂದ್ರ ಗುಹಾ ತಮ್ಮ ಕ್ರಿಕೆಟ್ ಇತಿಹಾಸದಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿದ್ದಾರೆ. ನಾನು ಆ ಪುಟಗಳನ್ನು ಓದಿದಾಗ ಆಟದ ಬಗ್ಗೆ ಪ್ರೀತಿಯೂ ನಮ್ಮ ಸಮಾಜದ ಬಗ್ಗೆ ಸಿಟ್ಟೂ ಒಟ್ಟಿಗೇ ಬಂದವು. ಈಗಲೂ ಎರಡೂ ಹಾಗೆಯೇ ಇವೆ.

ಪ್ಲೇಗ್ ಬಂದು ಪುಣೆ ತತ್ತರಿಸಿದ ಕಾಲಕ್ಕೆ ಬಾಲೂ ಮುಂಬಯಿಗೆ ಹೋದರು. ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಹಿಂದೂ ಜಿಮ್ಖಾನಾ ತಂಡದಲ್ಲಿ ಜಾಗ ಸಿಕ್ಕಿತು. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ತಂಡದ ಮುಖ್ಯ ಬೌಲರ್ ಅವರೇ. ತಮ್ಮ ಶಿವರಾಂ ಕೂಡ ಅಷ್ಟರಲ್ಲಿ ಒಳ್ಳೆಯ ಆಟಗಾರ ಎನಿಸಿಕೊಂಡಿದ್ದರು.

ಇನ್ನು ಪ್ರವಾಸದ ವಿಷಯ. ಭಾರತದಿಂದ ಮೊದಲು ಇಂಗ್ಲೆಂಡಿಗೆ ಹೋಗಿ ಆಡಿದವರು ಮುಂಬಯಿಯ ಪಾರ್ಸಿಗಳು. 1886ರಲ್ಲಿ ಹೋದ ತಂಡ ಗೆದ್ದದ್ದು ಒಂದೇ ಪಂದ್ಯ. ಎರಡು ವರ್ಷದ ಮೇಲೆ ಇನ್ನೊಂದು ತಂಡ ಹೋಗಿ ಎಂಟು ಗೆದ್ದಿತು, ಡಾ. ಎಂ.ಇ. ಪಾವ್ರಿ ಎಂಬ ವೈದ್ಯರು ಆ ಸಲ 170 ವಿಕೆಟ್ ತೆಗೆದರು. ಸ್ವಂತ ದುಡ್ಡು ಹಾಕಿ, ಸ್ವಂತ ಉತ್ಸಾಹದಿಂದ ಹೋದ ನಿಜವಾದ ಹವ್ಯಾಸಿಗಳು ಅವರು.

ಎಲ್ಲ ಕೋಮಿನವರೂ ಇರುವ ಒಂದು ತಂಡ ಹೋಗಬೇಕೆಂಬ ಮಾತು ಅದರ ನಂತರ ಹುಟ್ಟಿತು. 1903ರ ಸುಮಾರಿಗೆ ಆದ ಪ್ರಯತ್ನ, ಯಾರು ಎಷ್ಟು ಜನ ಎಂಬ ಜಗಳದಲ್ಲಿ ಬಿದ್ದುಹೋಯಿತು. ಮುಂಬಯಿಯಲ್ಲಿ ಕ್ರಿಕೆಟ್ ನಡೆಯುತ್ತಿದ್ದದ್ದೇ ಕೋಮುವಾರು ಜಿಮ್ಖಾನಾಗಳಲ್ಲಿ. ಪಾರ್ಸಿ, ಹಿಂದೂ, ಮುಸ್ಲಿಂ, ಯುರೋಪಿಯನ್ ಎಂದು ಬೇರೆ ಬೇರೆ. ಮೈದಾನದಲ್ಲಿ ಎದುರುಬದುರಾಗಿ ನಿಲ್ಲುವವರನ್ನು ಒಂದೇ ತಂಡವಾಗಿ ಕಟ್ಟುವುದು ಸುಲಭವಿರಲಿಲ್ಲ. 1909ರ ಜುಲೈನಲ್ಲಿ ಲಂಡನ್ನಿನಲ್ಲಿ ಮದನ್‌ಲಾಲ್ ಧಿಂಗ್ರಾ ಬ್ರಿಟಿಷ್ ಅಧಿಕಾರಿ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದ ಮೇಲೆ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಭಾರತೀಯ ಎಂದರೆ ಅನುಮಾನ. ಭಾರತದಲ್ಲಿ ಚಕ್ರವರ್ತಿಗೆ ನಿಷ್ಠರಾದವರೂ ಸಭ್ಯರೂ ಇದ್ದಾರೆ ಎಂದು ತೋರಿಸಲು ಸಿರಿವಂತರಿಗೆ, ರಾಜರಿಗೆ ಒಂದು ದಾರಿ ಬೇಕಿತ್ತು. ಕ್ರಿಕೆಟ್ ತಂಡದ ಯೋಜನೆಗೆ ಮತ್ತೆ ಜೀವ ಬಂದದ್ದು ಹಾಗೆ. ಪ್ರಶಾಂತ್ ಕಿದಂಬಿ ಎಂಬ ಇತಿಹಾಸಕಾರರು ಈ ಪ್ರವಾಸದ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದು ಈ ಎಳೆಯನ್ನು ಬಿಡಿಸಿ ತೋರಿಸಿದ್ದಾರೆ. ರಣಜಿಯ ನೆರವನ್ನೂ ಕೇಳಿದ್ದರು. ಇಂಗ್ಲೆಂಡಿನ ಪರ ಆಡಿ ಜಗತ್ತಿಗೆಲ್ಲ ಗೊತ್ತಿದ್ದ ರಣಜಿ, ಆಗ ನವಾನಗರದ ಜಾಮ್ ಸಾಹೇಬರು, ಕೈ ಜೋಡಿಸಲಿಲ್ಲ.

ಕೊನೆಗೆ ಆದ ಆಯ್ಕೆ ಹೀಗಿತ್ತು: ಆರು ಪಾರ್ಸಿಗಳು, ಐದು ಹಿಂದೂಗಳು, ಮೂವರು ಮುಸ್ಲಿಮರು, ಮೇಲೆ ನಾಯಕರಾಗಿ ಪಟಿಯಾಲಾದ ಸಿಖ್ ಮಹಾರಾಜ ಭೂಪಿಂದರ್ ಸಿಂಗ್. ಮುಸ್ಲಿಂ ಆಟಗಾರರು ಅಲೀಗಢದಲ್ಲಿ ಕಲಿತು ಆಡಿದವರು. ಹಿಂದೂಗಳ ಐವರಲ್ಲಿ ಬಾಲೂ, ಶಿವರಾಂ ಅಣ್ಣತಮ್ಮಂದಿರು, ಮುಂಬಯಿಯ ಎಂ.ಡಿ. ಪೈ, ವಿಕೆಟ್ ಕೀಪರ್ ಕೆ. ಶೇಷಾಚಾರಿ, ಇನ್ನೊಬ್ಬರು, ಮಾಸ್ತರರೇ, ನಮ್ಮ ಬೆಂಗಳೂರಿನ ಬಿ. ಜಯರಾಂ. ಮೈಸೂರು ಸಂಸ್ಥಾನದಿಂದ ಒಬ್ಬ ಬ್ಯಾಟ್ಸ್‌ಮನ್ 1911ರಲ್ಲೇ ಲಾರ್ಡ್ಸ್‌ನ ದಾರಿ ಹಿಡಿದಿದ್ದರು ಎಂದು ಬೆಂಗಳೂರಿನ ಎಷ್ಟು ಜನ ಕ್ರಿಕೆಟ್ ಪ್ರಿಯರಿಗೆ ಗೊತ್ತು? ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗುವ ಮಕ್ಕಳಿಗೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಹೆಸರು ಗೊತ್ತು, ಗೊತ್ತಿರಬೇಕಾದ್ದೇ. ಜಯರಾಂ ಹೆಸರನ್ನೂ ಅವರ ಕಿವಿಗೆ ಹಾಕಬೇಕು.

ಸಮುದ್ರ ದಾಟಿದರೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದ ಕಾಲ ಅದು. ನಮ್ಮ ಕಡೆಯ ಮನೆಗಳಲ್ಲೂ ವಿದೇಶಕ್ಕೆ ಹೋಗಿ ಬಂದವರನ್ನು ಪಂಕ್ತಿಗೆ ಸೇರಿಸುವ ಬಗ್ಗೆ ತಕರಾರು ನಡೆಯುತ್ತಿತ್ತು. ಅಂಥ ಕಾಲದಲ್ಲಿ ಬ್ರಾಹ್ಮಣರು, ದಲಿತರು, ಪಾರ್ಸಿಗಳು, ಮುಸ್ಲಿಮರು ತಿಂಗಳುಗಟ್ಟಲೆ ಒಂದೇ ಹಡಗಿನಲ್ಲಿ, ಒಂದೇ ರೈಲಿನಲ್ಲಿ, ಒಂದೇ ಪೆವಿಲಿಯನ್ನಿನಲ್ಲಿ ಇರಬೇಕಾಯಿತು. ಕಳಿಸಿದವರ ಉದ್ದೇಶ ಸಾಮ್ರಾಜ್ಯಕ್ಕೆ ನಿಷ್ಠೆ ತೋರಿಸುವುದಾಗಿತ್ತು. ಹೋದವರ ನಡುವೆ ಆದದ್ದು ಬೇರೆಯೇ ಎಂದು ನನ್ನ ನಂಬಿಕೆ. ಅದಕ್ಕೆ ಆಧಾರ ಏನೆಂದು ಮುಂದೆ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ ಅದು ಐದನೆಯ ಜಾರ್ಜ್‌ನ ಪಟ್ಟಾಭಿಷೇಕದ ಬೇಸಿಗೆ. ಜೂನ್ 22ರಂದು ಸಮಾರಂಭ. ಊರೆಲ್ಲ ತೋರಣ, ರಾಜಮಹಾರಾಜರೆಲ್ಲ ಲಂಡನ್ನಿನಲ್ಲಿ. ಪಟಿಯಾಲಾದ ಮಹಾರಾಜರಿಗೆ ಕ್ರಿಕೆಟ್ಟಿನ ಮೇಲೆ ನಿಜವಾದ ಪ್ರೀತಿ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಬೇಸಿಗೆಯಲ್ಲಿ ಅವರನ್ನು ಎಳೆಯುವ ಆಮಂತ್ರಣಗಳು ಬಹಳ ಇದ್ದವು. ಮೊದಮೊದಲ ಕೆಲವು ಪಂದ್ಯ ಆಡಿ ಅವರು ತಂಡದಿಂದ ದೂರವಾದರು. ಅವರ ಪರಿವಾರದ ಅಧಿಕಾರಿಯಾಗಿದ್ದ ಕೆ.ಎಂ. ಮಿಸ್ತ್ರಿ ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್. ಲಾರ್ಡ್ಸ್‌ನಲ್ಲಿ ಎಂಸಿಸಿ ವಿರುದ್ಧ ಅವರು ಹೊಡೆದ 78 ರನ್ ನೋಡಿ ಇಂಗ್ಲಿಷರು ಮೆಚ್ಚಿದ್ದರು. ದೊರೆ ಹೋದ ಕಡೆ ಅವರೂ ಹೋಗಬೇಕಾಯಿತು. ತಂಡಕ್ಕೆ ಇದು ದೊಡ್ಡ ಪೆಟ್ಟು.

ಹವಾಮಾನವೂ ವಿಚಿತ್ರ. ಇಂಗ್ಲೆಂಡ್ ಎಂದರೆ ಮಳೆ, ಒದ್ದೆ ಪಿಚ್, ಸ್ಪಿನ್ ಬೌಲರಿಗೆ ಹಬ್ಬ ಎಂದು ಅಂದುಕೊಂಡಿದ್ದರೆ, ಆ ವರ್ಷ ಮಳೆಯೇ ಇಲ್ಲದ ಬರಗಾಲದ ಬೇಸಿಗೆ. ಆಗಸ್ಟ್ 9ರಂದು ಗ್ರೀನಿಚ್‌ನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು. ಪಿಚ್‌ಗಳು ಒಣಗಿ ಗಟ್ಟಿಯಾಗಿ ಬ್ಯಾಟ್ಸ್‌ಮನ್‌ಗಳ ಪಾಲಾದವು. ಅಂಥ ನೆಲದ ಮೇಲೆ, ಮೂವತ್ತೈದು ದಾಟಿದ ನಿಧಾನಗತಿಯ ಎಡಗೈ ಸ್ಪಿನ್ನರ್ ತೆಗೆದ ವಿಕೆಟ್‌ಗಳು 114 ಎಂಬುದನ್ನು ನೆನಪಿಡಿ.

ಶುರುವಿನಲ್ಲಿ ಸೋಲಿನ ಮೇಲೆ ಸೋಲು. ಜೂನ್ 1ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎದುರು ಆಟ ಆರಂಭ, ಸೋತರು. ಲಾರ್ಡ್ಸ್‌ನಲ್ಲಿ ಇನಿಂಗ್ಸ್ ಸೋಲು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಬಾಲೂ ಒಂದೇ ಇನಿಂಗ್ಸ್‌ನಲ್ಲಿ 103 ರನ್‌ಗೆ 8 ವಿಕೆಟ್ ತೆಗೆದರು. ಅವರ ಇಡೀ ಪ್ರಥಮ ದರ್ಜೆ ಜೀವನದ ಅತ್ಯುತ್ತಮ ಸಾಧನೆ ಅದು. ಆದರೆ ಬ್ಯಾಟಿಂಗ್ ಕೈಹಿಡಿಯಲಿಲ್ಲ. ಸ್ಟಾಫರ್ಡ್‌ಶೈರ್ ಎಂಬ ಸಣ್ಣ ಕೌಂಟಿಯ ಎದುರು ಸಿಡ್ನಿ ಬಾರ್ನ್ಸ್ ಎದುರಾದರು. ಆ ಕಾಲದ ಜಗತ್ತಿನ ಮಹಾ ಬೌಲರ್. ಎರಡು ಇನಿಂಗ್ಸ್ ಸೇರಿ 29 ರನ್‌ಗೆ 14 ವಿಕೆಟ್ ಕಿತ್ತು ನಮ್ಮವರನ್ನು ಮಣ್ಣು ಮುಕ್ಕಿಸಿದರು. ಮುಂಬಯಿಯ ಜಿಮ್ಖಾನಾಗಳಲ್ಲಿ ಹಾಗೆ ಬೌಲ್ ಮಾಡುವವರನ್ನು ನಮ್ಮ ಬ್ಯಾಟ್ಸ್‌ಮನ್‌ಗಳು ಕಂಡೇ ಇರಲಿಲ್ಲ.

ಬಾರ್ನ್ಸ್ ಹೆಸರು ಬಂದದ್ದರಿಂದ ಒಂದು ಮಾತು. ಆಗಿನ ಇಂಗ್ಲೆಂಡಿನಲ್ಲಿ ಹವ್ಯಾಸಿ ಆಟಗಾರರು ಒಂದು ವರ್ಗ, ವೃತ್ತಿಪರರು ಇನ್ನೊಂದು ವರ್ಗ. ಬಾರ್ನ್ಸ್ ವೃತ್ತಿಪರರು. ಹಲವು ಮೈದಾನಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಉಡುಪು ಕೋಣೆ, ಮೈದಾನಕ್ಕಿಳಿಯಲು ಬೇರೆ ಬೇರೆ ಗೇಟು. ಸ್ಕೋರ್ ಕಾರ್ಡಿನಲ್ಲಿ ಹೆಸರು ಬರೆಯುವ ಕ್ರಮವೂ ಬೇರೆ. ಒಬ್ಬರಿಗೆ ಗೌರವದ ಪೂರ್ವಪದ, ಮತ್ತೊಬ್ಬರಿಗೆ ಬರೀ ಹೆಸರು. ಈ ಭೇದ ಅಳಿದದ್ದು 1962ರಲ್ಲಿ. ದುಡ್ಡು ಮುಟ್ಟದವರು ಹವ್ಯಾಸಿಗಳು ಎಂದು ಹೇಳುತ್ತಿದ್ದರೂ ಲೆಕ್ಕ ಹಾಗಿರಲಿಲ್ಲ. ಡಬ್ಲ್ಯು.ಜಿ. ಗ್ರೇಸ್ ಜೀವನಪೂರ್ತಿ ಹವ್ಯಾಸಿ ಎನಿಸಿಕೊಂಡೇ ಇದ್ದರು. 1891-92ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಅವರು ಖರ್ಚುವೆಚ್ಚದ ಜೊತೆಗೆ ಪಡೆದದ್ದು 3,000 ಪೌಂಡ್. ನಾಲ್ಕು ರೂಪಾಯಿಗೆ ರೋಲರ್ ಎಳೆಯುತ್ತಿದ್ದ ಬಾಲೂ ಮಾತ್ರ ಕೂಲಿಯವ. ಹವ್ಯಾಸಿ ಎನ್ನುವುದು ಹುಟ್ಟಿನಿಂದ, ಮನೆತನದಿಂದ ಬರುವ ಪದವಿಯಾಗಿತ್ತು, ನಮ್ಮಲ್ಲಿನ ಜಾತಿಯ ಹಾಗೆ. ಅದೇ ಬಾಲೂ 1911ರಲ್ಲಿ ಅದೇ ಇಂಗ್ಲೆಂಡಿನ ಕೌಂಟಿ ಮೈದಾನಗಳಲ್ಲಿ ಪ್ರವಾಸಿ ತಂಡದ ಗೌರವಾನ್ವಿತ ಸದಸ್ಯರಾಗಿ ಮಹಾರಾಜರ ಜೊತೆಗೇ ಮೆಟ್ಟಿಲಿಳಿದು ಬಂದರು. ಈ ಒಂದು ಸಂಗತಿಗಾಗಿಯೇ ನಾನು ಆ ಪ್ರವಾಸವನ್ನು ಪ್ರೀತಿಸುತ್ತೇನೆ.

ಅವರ ಬೌಲಿಂಗ್ ಹೇಗಿತ್ತು ಎಂದು ನೀವು ಕೇಳಿಯೇ ಕೇಳುತ್ತೀರಿ. ಚಲನಚಿತ್ರ ಇಲ್ಲ, ನೋಡಿದವರು ಬರೆದಿಟ್ಟ ಮಾತುಗಳಷ್ಟೇ ಇವೆ. ಎಡಗೈಯಿಂದ ನಿಧಾನವಾಗಿ ಹಾಕುವ ಚೆಂಡು, ಬಲಗೈ ಬ್ಯಾಟ್ಸ್‌ಮನ್‌ನ ಕಾಲ ಕಡೆ ನೆಲ ಮುಟ್ಟಿ ಆಫ್ ಸ್ಟಂಪಿನತ್ತ ಹೊರಳುತ್ತದೆ. ಅದನ್ನೇ ನಿರೀಕ್ಷಿಸಿ ಬ್ಯಾಟು ಇಟ್ಟವನಿಗೆ, ಹೊರಳದೆ ನೇರ ನುಗ್ಗುವ ಇನ್ನೊಂದು ಚೆಂಡು. ಬಾಲೂ ಎರಡೂ ಕಡೆಗೆ ತಿರುಗಿಸುತ್ತಿದ್ದರು, ವೇಗ ಬದಲಿಸುತ್ತಿದ್ದರು, ಗಂಟೆಗಟ್ಟಲೆ ಒಂದೇ ಜಾಗಕ್ಕೆ ಹಾಕುತ್ತಿದ್ದರು. ಆ ದಣಿವರಿಯದ ನಿಖರತೆ ಪುಣೆಯ ನೆಟ್ಸ್‌ನಿಂದ ಬಂದದ್ದು. ಬ್ಯಾಟು ಕೊಡದೆ ಬರೀ ಬೌಲಿಂಗ್ ಮಾಡಿಸಿದ ಸಾಹೇಬರು ತಮಗೆ ಗೊತ್ತಿಲ್ಲದೆಯೇ ಅದನ್ನು ಕಲಿಸಿಬಿಟ್ಟಿದ್ದರು. ಪಿಚ್ಚಿನ ಗುಣ ಅವರಿಗೆ ಗೊತ್ತಿತ್ತು, ಅದನ್ನು ಗುಡಿಸಿ ಉರುಳೆ ಎಳೆದ ಕೈ ಅದು. ನಮ್ಮ ದೇಶದ ಎಡಗೈ ಸ್ಪಿನ್ನಿನ ಹಾದಿ, ವಿನೂ ಮಂಕಡ್, ಬಿಷನ್ ಬೇಡಿ ಎಂದು ಸಾಗಿ, ನಿಮ್ಮ ನೆರೆಯ ಗದಗಿನ ಸುನಿಲ್ ಜೋಶಿಯವರೆಗೆ ಬಂದ ಹಾದಿ, ಬಾಲೂ ಅವರಿಂದ ಶುರುವಾಗುತ್ತದೆ. ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರ್‌ನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದು ನಿಮಗೆ ನೆನಪಿರಬೇಕು.

ಜುಲೈನಲ್ಲಿ ಗಾಳಿ ತಿರುಗಿತು. ಲೆಸ್ಟರ್‌ನಲ್ಲಿ ಎಚ್.ಡಿ. ಕಾಂಗಾ 163 ರನ್ ಹೊಡೆದರು. ಅವರು ವೈದ್ಯರು, ಮಳೆಗಾಲದಲ್ಲಿ ಮುಂಬಯಿಯಲ್ಲಿ ನಡೆಯುವ ಕಾಂಗಾ ಲೀಗ್‌ಗೆ ಅವರದೇ ಹೆಸರು. ಬಾಲೂ ಎರಡು ಇನಿಂಗ್ಸ್ ಸೇರಿ 11 ವಿಕೆಟ್ ತೆಗೆದರು. ಲೆಸ್ಟರ್‌ಶೈರ್ ಏಳು ವಿಕೆಟ್‌ಗಳಿಂದ ಸೋತಿತು. ಪ್ರಥಮ ದರ್ಜೆಯ ಕೌಂಟಿ ತಂಡವೊಂದನ್ನು ಅದರ ಮನೆಯಂಗಳದಲ್ಲೇ ‘ಭಾರತ’ ಸೋಲಿಸಿದ್ದು ಅದೇ ಮೊದಲು. ಟಾಂಟನ್‌ನಲ್ಲಿ ಸಾಮರ್‌ಸೆಟ್ ಎದುರಿನ ಪಂದ್ಯ ಇನ್ನೂ ರೋಚಕ. ನಾಲ್ಕನೆಯ ಇನಿಂಗ್ಸ್‌ನಲ್ಲಿ ಬೆನ್ನಟ್ಟುತ್ತಾ ವಿಕೆಟ್‌ಗಳು ಬೀಳುತ್ತಲೇ ಹೋದವು. ಒಂದು ತುದಿಯಲ್ಲಿ ಶಿವರಾಂ ನಿಂತುಬಿಟ್ಟರು. ಔಟಾಗದೆ 113. ಗೆಲುವು ಬಂದದ್ದು ಒಂದೇ ಒಂದು ವಿಕೆಟ್ ಉಳಿದಿದ್ದಾಗ.

ಪ್ರಥಮ ದರ್ಜೆಯಲ್ಲಿ ಸಿಕ್ಕ ಎರಡೇ ಗೆಲುವು. ಒಂದರಲ್ಲಿ ಅಣ್ಣನ ಬೌಲಿಂಗ್, ಇನ್ನೊಂದರಲ್ಲಿ ತಮ್ಮನ ಶತಕ. ಊರಿನಲ್ಲಿ ಪೆವಿಲಿಯನ್ ಹೊರಗೆ ಚಹಾ ಕುಡಿಯಬೇಕಾಗಿದ್ದ ಮನೆಯವರು, ಸಾವಿರಾರು ಮೈಲಿ ದೂರದಲ್ಲಿ ಇಡೀ ದೇಶದ ಹೆಸರನ್ನು ಗೆಲ್ಲಿಸಿದರು. ಬಾಲೂ ಪ್ರಥಮ ದರ್ಜೆ ಪಂದ್ಯಗಳಲ್ಲೇ 75 ವಿಕೆಟ್ ತೆಗೆದಿದ್ದರು.

ಅದೇ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ಫುಟ್‌ಬಾಲ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಅದು ಚರಿತ್ರೆಯಾಗಿ ಉಳಿಯಿತು, ಬಂಗಾಳದ ಮನೆಮನೆಯ ಮಾತಾಯಿತು. ಲೆಸ್ಟರ್ ಮತ್ತು ಟಾಂಟನ್ ಮರೆತುಹೋದವು. ಹದಿನೈದು ಸೋಲಿನ ನಡುವೆ ಬಂದ ಗೆಲುವಾದ್ದರಿಂದ ಹಾಗಾಯಿತೋ, ಗೆಲ್ಲಿಸಿದವರು ಯಾರೆಂಬುದರಿಂದ ಹಾಗಾಯಿತೋ. ಎರಡನೆಯದೂ ಕಾರಣವಾಗಿರಬಹುದು ಎಂದು ನನಗೆ ಅನಿಸುತ್ತದೆ.

 ನಮ್ಮವರ ಪ್ರವಾಸ ಆಗಸ್ಟ್ ಕೊನೆಗೆ ಮುಗಿಯಿತು. ಪ್ರವಾಸದಲ್ಲಿ ಆಡಿದ ಮಾಣೆಕ್ ಬಜಾನಾ ಅಲ್ಲೇ ಉಳಿದುಕೊಂಡು, ಮರುವರ್ಷದಿಂದ ಸಾಮರ್‌ಸೆಟ್ ಕೌಂಟಿಗೇ ಆಡಿದರು. ಮಹಾರಾಜರ ಮಟ್ಟಿಗೆ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ: ಮುಂದೆ 1934ರಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ರಣಜಿ ಟ್ರೋಫಿ ಕೊಟ್ಟವರು ಅವರೇ. ಆ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ್ದು ನಮ್ಮ ಮೈಸೂರು ತಂಡ, ಮದ್ರಾಸಿನ ಎದುರು ಚೆಪಾಕ್‌ನಲ್ಲಿ. ಒಂದೇ ದಿನದಲ್ಲಿ ಸೋತರು.

ಹೋದವರ ನಡುವೆ ಏನೋ ಆಯಿತು ಎಂದಿದ್ದೆನಲ್ಲ, ಅದಕ್ಕೆ ಬರುತ್ತೇನೆ. ಇಂಗ್ಲೆಂಡಿನಿಂದ ಬಂದ ಮೇಲೂ ಬಾಲೂ ಹಿಂದೂ ತಂಡದ ನಾಯಕರಾಗಲಿಲ್ಲ. ವಯಸ್ಸಿನಲ್ಲಿ, ಅನುಭವದಲ್ಲಿ, ಸಾಧನೆಯಲ್ಲಿ ಅವರಿಗೆ ಸಮನಾದವರು ಇರಲಿಲ್ಲ. 1913ರಲ್ಲಿ ನಾಯಕತ್ವ ಸಿಕ್ಕಿದ್ದು ಎಂ.ಡಿ. ಪೈ ಅವರಿಗೆ, 1911ರಲ್ಲಿ ಜೊತೆಗೆ ಹೋಗಿದ್ದ ಅದೇ ಪೈ. ತಮ್ಮ ಸನ್ಮಾನ ಸಭೆಯಲ್ಲೇ ಅವರು, ಈ ಗೌರವ ಹಿರಿಯರೂ ಅನುಭವಿಗಳೂ ಆದ ತಮ್ಮ ಸ್ನೇಹಿತ ಬಾಲೂ ಅವರಿಗೆ ಸಲ್ಲಬೇಕಿತ್ತು ಎಂದು ಎದ್ದು ನಿಂತು ಹೇಳಿದರು. 1920ರಲ್ಲಿ ವಿಷಯ ಇನ್ನೂ ಬಿಸಿಯಾಯಿತು. ಪೈ ಕಾಯಿಲೆಯಿಂದ ಆಡಲಾಗದ ಪಂದ್ಯಕ್ಕೆ, ಅರ್ಹತೆ ಇದ್ದರೂ ಪಾಲ್ವಂಕರ್ ಸಹೋದರರನ್ನು ಬಿಟ್ಟು ಬೇರೊಬ್ಬರನ್ನು ನಾಯಕರನ್ನಾಗಿ ಮಾಡಿದರು. ಶಿವರಾಂ ಮತ್ತು ಕಿರಿಯ ತಮ್ಮ ವಿಠ್ಠಲ್ ತಂಡದಿಂದ ಹೊರಗೆ ನಡೆದು, ಕಾರಣವನ್ನು ಜನರ ಮುಂದಿಟ್ಟರು. ಆಡಳಿತದವರು ಮಣಿಯಲೇಬೇಕಾಯಿತು. ಮುಂದಿನ ಪಂದ್ಯಕ್ಕೆ ಪೈ ನಾಯಕರು, ಬಾಲೂ ಉಪನಾಯಕರು. ಆಟದ ನಡುವೆ ಪೈ ಬೇಕೆಂದೇ ಮೈದಾನ ಬಿಟ್ಟು ಹೊರಬಂದರು. ತಾವು ಹೊರಗಿದ್ದಷ್ಟು ಹೊತ್ತು ಬಾಲೂ ನಾಯಕತ್ವ ವಹಿಸಲಿ ಎಂದು.

ಆ ಬೇಸಿಗೆಯ ರೈಲು ಪ್ರಯಾಣ, ಸೋಲುಗಳು, ಲೆಸ್ಟರ್‌ನ ಸಂಜೆ ಇವೆಲ್ಲ ಪೈ ಅವರ ಒಳಗೆ ಕೆಲಸ ಮಾಡಿರಬೇಕು ಎನ್ನುವುದು ನನ್ನ ಊಹೆ, ಸಾಕ್ಷ್ಯ ತೋರಿಸಲಾರೆ. ಆದರೆ ಜೊತೆಗೆ ಆಡಿ, ಜೊತೆಗೆ ಸೋತವರ ನಡುವೆ ಹುಟ್ಟುವ ಸ್ನೇಹ ಎಂಥದ್ದೆಂದು ಮೂವತ್ತು ವರ್ಷ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದ ನಿಮಗೆ ನಾನು ಹೇಳಬೇಕಾಗಿಲ್ಲ.

1923ರಲ್ಲಿ ವಿಠ್ಠಲ್ ಹಿಂದೂ ತಂಡದ ನಾಯಕರಾದರು, ಯುರೋಪಿಯನ್ನರನ್ನು ಸೋಲಿಸಿದರು. ಅಣ್ಣನಿಗೆ ಕೊಡದೆ ಹೋದದ್ದನ್ನು ತಮ್ಮನಿಗೆ ಕೊಟ್ಟಂತಾಯಿತು. ಬಾಲೂ ಸಾರ್ವಜನಿಕ ಬದುಕಿಗೂ ಬಂದರು. ತರುಣ ಅಂಬೇಡ್ಕರರು ಅವರನ್ನು ಬಹಳ ಮೆಚ್ಚಿದ್ದರು. ಆಮೇಲೆ ದಾರಿಗಳು ಬೇರೆಯಾದವು. ದಲಿತರ ಪ್ರಾತಿನಿಧ್ಯದ ಕುರಿತ 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅಂಬೇಡ್ಕರರ ಎದುರೇ ನಿಂತು, ಹೆಚ್ಚು ಅಂತರವಿಲ್ಲದೆ ಸೋತರು. ಆ ಭಿನ್ನಾಭಿಪ್ರಾಯ ಸಣ್ಣದಲ್ಲ, ಅದಕ್ಕೆ ಬೇರೆಯೇ ಒಂದು ಪತ್ರ ಬೇಕು. 1955ರ ಜುಲೈನಲ್ಲಿ ಬಾಲೂ ತೀರಿಕೊಂಡರು.

ಈಗ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಶಿಷ್ಯರು ಹುಬ್ಬಳ್ಳಿ-ಧಾರವಾಡದ ಕ್ಲಬ್ಬುಗಳಲ್ಲೆಲ್ಲ ಇದ್ದಾರೆ, ನಿಮ್ಮ ಮಾತು ತೆಗೆದುಹಾಕುವವರಲ್ಲ. ಮುಂದಿನ ಬೇಸಿಗೆ ಶಿಬಿರದ ಕೊನೆಗೆ ಬಾಲೂ ಹೆಸರಿನಲ್ಲಿ ಎರಡು ಬಹುಮಾನ ಇಡಿಸಿ. ಒಂದು, ಚೆನ್ನಾಗಿ ಸ್ಪಿನ್ ಹಾಕುವ ಹುಡುಗನಿಗೋ ಹುಡುಗಿಗೋ. ಇನ್ನೊಂದು, ಆ ಮೈದಾನದ ಪಿಚ್ ನೋಡಿಕೊಳ್ಳುವವರಿಗೆ. ಅವರನ್ನು ವೇದಿಕೆಗೆ ಕರೆದು, ಉಳಿದ ಬಹುಮಾನಗಳ ಜೊತೆಗೇ ಕೊಡಬೇಕು. ಶಿಬಿರದಲ್ಲಿ ಒಂದು ದಿನ ಅವರ ಮಕ್ಕಳಿಗೂ ಪ್ಯಾಡ್ ಕಟ್ಟಿಸಿ ಬ್ಯಾಟ್ ಮಾಡಲು ಬಿಡಿ. ಖರ್ಚಿನಲ್ಲಿ ಅರ್ಧ ನನ್ನದು. ದಿನ ಗೊತ್ತಾದ ಕೂಡಲೇ ಬರೆಯಿರಿ, ರೈಲಿನ ಟಿಕೆಟ್ ಮಾಡಿಸುತ್ತೇನೆ.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಪ್ರೀತಿಯ,
ಗೆಳೆಯ